ವಿಂಡೋಸ್ ಅಪ್‌ಡೇಟ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ನೆಂಟರಿಷ್ಟರಲ್ಲಿ ಯಾರ ಕಂಪ್ಯೂಟರ್ ಮುನಿಸಿಕೊಂಡರೂ ಫೋನು ಬರುವುದು ನನಗೆ. ಅದರಲ್ಲಿ ಜಾಸ್ತಿ ಕರೆ ಒಂದೇ ವಿಷಯಕ್ಕೆ: "ಅಪ್‌ಡೇಟ್ ಫೇಲ್ ಅಂತ ತೋರಿಸ್ತಿದೆ, ಏನ್ ಮಾಡ್ಲಿ?" ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರೆ ಉತ್ತರ ರೆಡಿ ಇರುತ್ತದೆ: "ಫಾರ್ಮ್ಯಾಟ್ ಮಾಡ್ಬೇಕು ಸಾರ್." ನಾನು ನೋಡಿದ ಮಟ್ಟಿಗೆ ಅಲ್ಲಿಯವರೆಗೆ ಹೋಗಬೇಕಾದದ್ದು ತೀರಾ ಅಪರೂಪ. ಡಿಸ್ಕಿನಲ್ಲಿ ಜಾಗ ಇಲ್ಲ, ನೆಟ್ ಸಾಲದು, ಗಡಿಯಾರ ತಪ್ಪಿದೆ, ಯಾರೋ ಅಪ್‌ಡೇಟ್ ಸರ್ವಿಸ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಆಫ್ ಮಾಡಿದ್ದಾರೆ. ಇಂಥ ಸಣ್ಣ ಕಾರಣಗಳೇ ಹೆಚ್ಚು. ಕೆಳಗಿನ ದಾರಿಗಳೆಲ್ಲ ವಿಂಡೋಸ್ 11ರವು. 10ರಲ್ಲಿ ಮೆನುವಿನ ಹೆಸರು ಸ್ವಲ್ಪ ಆಚೀಚೆ ಇರುತ್ತದೆ, ಕೆಲಸ ಹೆಚ್ಚಾಗಿ ಅದೇ.

ಫೇಲ್ ಅಂತ ಬಂತು. ಮೊದಲು ಏನು ಮಾಡಬೇಕು?

ಪರದೆಯ ಮೇಲೆ ಬಂದಿರುವ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಆಮೇಲೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೂ ಅದೇ ಅಲ್ವಾ ಅಂತ ಕೇಳಬಹುದು. ಅಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಹಳೆಯ ಗಂಟು ಹಾಗೇ ಉಳಿಯುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರು. ಬಂದಮೇಲೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ರೀಟ್ರೈ ಒತ್ತಿ. ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಟ್ರಬಲ್‌ಶೂಟ್, ಅದರ್ ಟ್ರಬಲ್‌ಶೂಟರ್ಸ್ ಅಂತ ಹೋಗಿ ವಿಂಡೋಸ್ ಅಪ್‌ಡೇಟ್ ಎದುರಿನ ರನ್ ಒತ್ತಿ. ಇದರಿಂದ ಪವಾಡ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ನಿಂತ ಸರ್ವಿಸ್‌ಗಳನ್ನು ಎಬ್ಬಿಸುವಷ್ಟು ಕೆಲಸ ಮಾಡುತ್ತದೆ, ಐದು ನಿಮಿಷ ಕೊಡಬಹುದು.

ಆ ಉದ್ದದ ನಂಬರ್ ಏನು ಹೇಳುತ್ತದೆ?

ಅದರಲ್ಲೇ ಅರ್ಧ ಉತ್ತರ ಇರುತ್ತದೆ. ಎಲ್ಲ ನಂಬರಿನ ಮುಂದೆ ಸೊನ್ನೆ ಮತ್ತು ಎಕ್ಸ್ ಇರುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

80070070 ಬಂದರೆ ಡಿಸ್ಕ್ ತುಂಬಿದೆ. 80070422 ಬಂದರೆ ಅಪ್‌ಡೇಟ್ ಸರ್ವಿಸ್ ಆಫ್ ಆಗಿದೆ. 80072ಎಫ್8ಎಫ್ ಕಂಡರೆ ಮೊದಲು ತಾರೀಖು ನೋಡಿ. 80073712 ಅಂದರೆ ಅಪ್‌ಡೇಟಿಗೆ ಬೇಕಾದ ವಿಂಡೋಸ್‌ನದೇ ಯಾವುದೋ ಫೈಲ್ ಹಾಳಾಗಿದೆ ಅಥವಾ ಕಾಣೆಯಾಗಿದೆ. ಸಿ1900101ರಿಂದ ಶುರುವಾದರೆ ಸಾಮಾನ್ಯವಾಗಿ ಡ್ರೈವರ್ (ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಸಾಫ್ಟ್‌ವೇರ್) ಜಗಳ, ದೊಡ್ಡ ಅಪ್‌ಗ್ರೇಡ್ ವೇಳೆ ಬರುತ್ತದೆ. ಆಗ ಪ್ರಿಂಟರ್, ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್ ಎಲ್ಲ ಬಿಚ್ಚಿ, ಕೀಬೋರ್ಡು ಮೌಸು ಮಾತ್ರ ಇಟ್ಟು ನೋಡಿ. 800ಎಫ್0922 ಎರಡು ಬಾಯಿಯದು. ಆಫೀಸಿನ ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಜೋಡಿಸುವ ಸಂಪರ್ಕ) ಆನ್ ಇದ್ದು ಸರ್ವರ್ ಸಿಗದಿದ್ದರೂ ಬರುತ್ತದೆ, ಕಂಪ್ಯೂಟರ್ ಶುರುವಾಗಲು ಇಟ್ಟಿರುವ ಪುಟ್ಟ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ತುಂಬಿದ್ದರೂ ಬರುತ್ತದೆ. ವಿಪಿಎನ್ ಆಫ್ ಮಾಡುವುದು ಸುಲಭ, ಅದರಿಂದ ಶುರು ಮಾಡಿ.

ಸಿ ಡ್ರೈವ್ ಕೆಂಪಾಗಿದೆ. ಏನನ್ನು ಅಳಿಸಬಹುದು?

ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಇಲ್ಲಿ ಒಂದು ಪಟ್ಟಿ ಬರುತ್ತದೆ. ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಶನ್ ಫೈಲ್ಸ್, ರಿಸೈಕಲ್ ಬಿನ್ ಇವನ್ನು ಟಿಕ್ ಮಾಡಿ ಅಳಿಸಿದರೆ ಏನೂ ನಷ್ಟವಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತಲೂ ಒಂದು ಸಾಲು ಇರುತ್ತದೆ. ಅದು ಕಸ ಅಲ್ಲ, ನಿಮ್ಮ ಡೌನ್‌ಲೋಡ್ಸ್ ಫೋಲ್ಡರೇ. ಆಧಾರ್ ಪಿಡಿಎಫ್, ಮಗಳ ಹಾಲ್ ಟಿಕೆಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅಲ್ಲೇ ಬಿದ್ದಿರುತ್ತವೆ. ಎಲ್ಲಕ್ಕೂ ಒಂದೇ ಉಸಿರಿಗೆ ಟಿಕ್ ಹಾಕಿ, ಆಮೇಲೆ ತಲೆ ಮೇಲೆ ಕೈ ಹೊತ್ತವರನ್ನು ಕಂಡಿದ್ದೇನೆ.

ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್ ಅಂತ ಕಂಡರೆ ಅದು ದೊಡ್ಡ ಗಾತ್ರದ್ದು. ಅಳಿಸಿದರೆ ಜಾಗ ಚೆನ್ನಾಗಿ ಸಿಗುತ್ತದೆ. ಆದರೆ ಹಳೆಯ ಆವೃತ್ತಿಗೆ ವಾಪಸ್ ಹೋಗುವ ಬಾಗಿಲು ಮುಚ್ಚಿತು ಅಂತ ತಿಳಿಯಿರಿ.

ತಿಂಗಳ ಅಪ್‌ಡೇಟಿಗೆ ಹತ್ತು ಜಿಬಿ ಖಾಲಿ ಇದ್ದರೆ ನೆಮ್ಮದಿ. ವರ್ಷಕ್ಕೊಮ್ಮೆ ಬರುವ ದೊಡ್ಡದಕ್ಕೆ 20 ಜಿಬಿ ಇಟ್ಟುಕೊಳ್ಳಿ. ಕೆಲವು ವರ್ಷಗಳ ಹಿಂದೆ 32 ಜಿಬಿ ಡಿಸ್ಕಿನ ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳು ಬಂದಿದ್ದವಲ್ಲ, ಅವುಗಳ ಪಾಡು ಕಷ್ಟ. ವಿಂಡೋಸ್ ಕೂತರೆ ಉಳಿಯುವುದೇ ಸ್ವಲ್ಪ, ಅಪ್‌ಡೇಟ್ ಎಲ್ಲಿ ಕೂರಬೇಕು?

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಡೌನ್‌ಲೋಡೇ ಆಗುವುದಿಲ್ಲ. ಯಾಕೆ?

ಹಾಟ್‌ಸ್ಪಾಟನ್ನು ವಿಂಡೋಸ್ ಕೆಲವೊಮ್ಮೆ ಮೀಟರ್ಡ್ ಅಂತ ಗುರುತಿಸುತ್ತದೆ. ಅಂದರೆ ಲೆಕ್ಕ ಹಾಕಿ ದುಡ್ಡು ಕೊಡುವ ನೆಟ್. ಅಂಥ ಕಡೆ ಅದು ತಾನಾಗಿಯೇ ಅಪ್‌ಡೇಟ್ ಇಳಿಸಿಕೊಳ್ಳಲು ಹಿಂಜರಿಯುತ್ತದೆ. ವಿಂಡೋಸ್ ಅಪ್‌ಡೇಟ್ ಪುಟದ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಮೀಟರ್ಡ್ ಕನೆಕ್ಷನ್‌ನಲ್ಲೂ ಡೌನ್‌ಲೋಡ್ ಮಾಡು ಅನ್ನುವ ಸ್ವಿಚ್ ಇದೆ. ಬೇಕಿದ್ದರೆ ಆನ್ ಮಾಡಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನವರಾದರೆ ಒಂದು ಅಪ್‌ಡೇಟೇ ಇಡೀ ದಿನದ್ದನ್ನು ನುಂಗಬಹುದು. ನಡುವೆ ಪ್ಯಾಕ್ ಮುಗಿದು ವೇಗ ಬಿದ್ದರೆ ಮತ್ತೆ ಫೇಲ್. ಬೆಳಗ್ಗೆ ಪ್ಯಾಕ್ ಹೊಸದಾಗುತ್ತಲೇ ಹಚ್ಚುವುದು ಮೇಲು. ಇಲ್ಲವಾದರೆ ಲ್ಯಾಪ್‌ಟಾಪನ್ನು ಫೈಬರ್ ಇರುವ ಗೆಳೆಯರ ಮನೆಗೆ ಒಯ್ಯಿರಿ, ಒಂದು ಕಾಫಿ ಮುಗಿಯುವಷ್ಟರಲ್ಲಿ ಇಳಿದಿರುತ್ತದೆ.

ಮನೆಯಲ್ಲಿ ಎರಡು ಮೂರು ಕಂಪ್ಯೂಟರ್ ಇದ್ದರೆ ಡೆಲಿವರಿ ಆಪ್ಟಿಮೈಸೇಶನ್ ಆನ್ ಇರಲಿ. ಒಂದು ಇಳಿಸಿಕೊಂಡದ್ದನ್ನು ಇನ್ನೊಂದು ಅದರಿಂದಲೇ ಪಡೆಯುತ್ತದೆ. ಇಂಟರ್ನೆಟ್ಟಿನಲ್ಲಿರುವ ಬೇರೆಯವರಿಗೂ ಹಂಚುವ ಆಯ್ಕೆ ಮಾತ್ರ ಬೇಡ, ನಿಮ್ಮ ಡೇಟಾ ದಾನ ಆಗುತ್ತದೆ.

ನೆಟ್ ಇದೆ, ಜಾಗ ಇದೆ. ಆದರೂ ಸರ್ವರ್ ಸಿಗುತ್ತಿಲ್ಲ ಅನ್ನುತ್ತದೆ.

ಬಲಗಡೆ ಕೆಳಗಿನ ಮೂಲೆ ನೋಡಿ. ತಾರೀಖು ಸರಿ ಇದೆಯಾ?

ಸಾಗರದಲ್ಲಿರುವ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಅಡಿಕೆ ಲೆಕ್ಕ, ಟ್ಯಾಕ್ಸ್ ರಸೀದಿ ಎಲ್ಲ ಅದರಲ್ಲೇ. ಒಂದು ಮಳೆಗಾಲ ಪೂರ್ತಿ ಅಪ್‌ಡೇಟ್ ಆಗಲೇ ಇಲ್ಲ. ಫೋನಿನಲ್ಲಿ ಗಂಟೆಗಟ್ಟಲೆ ಒದ್ದಾಡಿದೆವು. ಕೊನೆಗೆ ನಾನೇ ಹೋದೆ. ಕೂತು ನೋಡಿದರೆ ಮೂಲೆಯಲ್ಲಿ ತಾರೀಖು 2012ರ ಜನವರಿ 1. "ಅದು ಯಾವಾಗ್ಲೂ ಹಂಗೇ ತೋರ್ಸೋದು ಮಾರಾಯ" ಅಂದರು ಚಿಕ್ಕಪ್ಪ.

ಆಗುವುದು ಇಷ್ಟು. ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ನಡೆಯಲಿ ಅಂತ ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಅದರ ಮೇಲೆ ಸಿಆರ್2032 ಅಂತ ಕೆತ್ತಿರುತ್ತದೆ, ಮೂರು ವೋಲ್ಟಿನದು. ಅದು ಸತ್ತರೆ ಪ್ರತಿ ಸಲ ಪ್ಲಗ್ ತೆಗೆದಾಗ ಗಡಿಯಾರ ಹುಟ್ಟಿದ ದಿನಕ್ಕೆ ಓಡುತ್ತದೆ. ಅಪ್‌ಡೇಟ್ ಸರ್ವರ್ ತನ್ನ ಗುರುತಿಗೆ ಒಂದು ಡಿಜಿಟಲ್ ಸರ್ಟಿಫಿಕೇಟ್ ತೋರಿಸುತ್ತದೆ. ಅದು ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತದೆ. 2012ರಲ್ಲಿ ಕೂತ ಕಂಪ್ಯೂಟರಿಗೆ ಅದು ಇನ್ನೂ ಹುಟ್ಟೇ ಇಲ್ಲದ ಸರ್ಟಿಫಿಕೇಟ್. ನಂಬುವುದಿಲ್ಲ, ಮಾತೂ ಆಡುವುದಿಲ್ಲ.

ಪೇಟೆಯ ವಾಚ್ ಅಂಗಡಿಯಲ್ಲೇ ಸೆಲ್ ಸಿಕ್ಕಿತು. ಪ್ಲಗ್ ಕಿತ್ತು, ಪಕ್ಕದ ಪುಟ್ಟ ಕೊಂಡಿಯನ್ನು ಉಗುರಿನಿಂದ ಒತ್ತಿದೆ. ಹಳೆಯ ಸೆಲ್ ಚಿಮ್ಮಿ ಬಂತು. ಹೊಸದನ್ನು ಬರಹ ಇರುವ ಮುಖ ಮೇಲೆ ಮಾಡಿ ಕೂರಿಸಿದೆ. ಸೆಟ್ಟಿಂಗ್ಸ್‌ನ ಟೈಮ್ ಆಂಡ್ ಲಾಂಗ್ವೇಜ್‌ನಲ್ಲಿ ಸಿಂಕ್ ನೌ ಒತ್ತಿದೆ. ಸಂಜೆಯೊಳಗೆ ಅಪ್‌ಡೇಟ್ ಎಲ್ಲ ಇಳಿಯಿತು. ಅದಕ್ಕೂ ಮೊದಲು ಆ ಕಂಪ್ಯೂಟರಿಗೆ ಒಂದು ಅಂಗಡಿಯಲ್ಲಿ ಹೊಸ ಮದರ್‌ಬೋರ್ಡಿನ ಎಸ್ಟಿಮೇಟ್ ಕೊಟ್ಟಿದ್ದರಂತೆ.

30 ಪರ್ಸೆಂಟ್‌ನಲ್ಲಿ ನಿಂತು ಒಂದು ಗಂಟೆ ಆಯಿತು. ಪವರ್ ಬಟನ್ ಒತ್ತಲಾ?

ಬೇಡ, ಸ್ವಲ್ಪ ತಾಳಿ. ಎಸ್‌ಎಸ್‌ಡಿ ಇದ್ದರೆ ಬೇಗ ಮುಗಿಯುತ್ತದೆ, ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಗಂಟೆಗಟ್ಟಲೆ ಹಿಡಿಯುವುದುಂಟು. ಕ್ಯಾಬಿನೆಟ್ಟಿನ ಮೇಲೆ ಡಿಸ್ಕ್ ದೀಪ ಮಿಣಮಿಣ ಅನ್ನುತ್ತಿದೆಯಾ ನೋಡಿ. ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆದಿದೆ. ಮೂರು ಗಂಟೆ ಕಳೆದರೂ ಅಂಕಿ ಅಲುಗಲಿಲ್ಲ, ದೀಪವೂ ಸುಮ್ಮನಿದೆ ಅಂದರೆ ಆಗ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಮತ್ತೆ ಆನ್ ಮಾಡಿದಾಗ ಸಾಮಾನ್ಯವಾಗಿ ಮಾಡಿದ್ದನ್ನೆಲ್ಲ ಹಿಂದೆ ತೆಗೆದುಕೊಳ್ಳುತ್ತದೆ. ಅದಕ್ಕೂ ಸಮಯ ಕೊಡಿ.

ಅಪ್‌ಡೇಟ್ ನಡುವೆ ಕರೆಂಟ್ ಹೋಯಿತು. ಹಾಳಾಯಿತಾ?

ಬಹಳಷ್ಟು ಸಲ ಇಲ್ಲ. ಅರ್ಧಕ್ಕೆ ನಿಂತದ್ದನ್ನು ಬಿಡಿಸಿಕೊಂಡು ಹಿಂದಿನ ಸ್ಥಿತಿಗೆ ಬರುವ ವ್ಯವಸ್ಥೆ ವಿಂಡೋಸ್‌ನಲ್ಲೇ ಇದೆ. ಆನ್ ಮಾಡಿ ಕಾಯಿರಿ.

ಪರದೆ ಕಪ್ಪಗೇ ಉಳಿದರೆ ಅಥವಾ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ, ಲೋಗೋ ಬರುತ್ತಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಸಲ. ಮೂರನೆಯ ಸಲ ರಿಕವರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ತಿಂಗಳ ಅಪ್‌ಡೇಟ್ ಆಗಿದ್ದರೆ ಕ್ವಾಲಿಟಿ ಅನ್ನುವುದನ್ನು, ವರ್ಷದ ದೊಡ್ಡದಾಗಿದ್ದರೆ ಫೀಚರ್ ಅನ್ನುವುದನ್ನು ತೆಗೆಯಿರಿ. ನಿಮ್ಮ ಫೈಲುಗಳಿಗೆ ಇದು ಕೈ ಹಚ್ಚುವುದಿಲ್ಲ.

ಡೆಸ್ಕ್‌ಟಾಪ್ ಇಟ್ಟವರಿಗೆ ಒಂದು ಮಾತು. ಮನೆಯ ಇನ್ವರ್ಟರ್ ಇದೆ ಅಂತ ನಂಬಿ ಕೂರಬೇಡಿ. ಕರೆಂಟ್ ಹೋಗಿ ಇನ್ವರ್ಟರ್ ಎತ್ತಿಕೊಳ್ಳುವ ಆ ಕ್ಷಣದಲ್ಲೇ ಕಂಪ್ಯೂಟರ್ ಟಪ್ ಅಂತ ಆರಬಹುದು. ಬಹಳಷ್ಟು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇರುತ್ತದೆ, ಅದಕ್ಕೆ ಹಾಕಿ ನೋಡಿ. ಗುಡುಗು ಮಿಂಚು ಇರುವ ಸಂಜೆ ಅಪ್‌ಡೇಟ್ ಹಚ್ಚುವ ಸಾಹಸವೇ ಬೇಡ.

ಒಂದೇ ಅಪ್‌ಡೇಟ್ ಪ್ರತಿ ಸಲ ಫೇಲ್ ಆಗುತ್ತಿದೆ. ಮುಂದೇನು?

ಒಂದೊಂದೇ ಹೆಜ್ಜೆ ಇಡಿ. ಪ್ರತಿ ಹೆಜ್ಜೆಯ ನಂತರ ರೀಸ್ಟಾರ್ಟ್ ಮಾಡಿ, ರೀಟ್ರೈ ಒತ್ತಿ. ನಾಲ್ಕನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಮೊದಲು, ಅರ್ಧಂಬರ್ಧ ಇಳಿದ ಫೈಲ್ ತೆಗೆಯುವುದು. ಸ್ಟಾರ್ಟ್‌ನಲ್ಲಿ ಸರ್ವಿಸಸ್ ಅಂತ ಹುಡುಕಿ ತೆರೆಯಿರಿ. ವಿಂಡೋಸ್ ಅಪ್‌ಡೇಟ್ ಮತ್ತು ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್ ಎರಡನ್ನೂ ರೈಟ್ ಕ್ಲಿಕ್ ಮಾಡಿ ಸ್ಟಾಪ್ ಮಾಡಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಶನ್ ಇರುತ್ತದೆ, ಅದರೊಳಗೆ ಡೌನ್‌ಲೋಡ್. ಆ ಡೌನ್‌ಲೋಡ್ ಫೋಲ್ಡರಿನ ಒಳಗಿನದನ್ನೆಲ್ಲ ಅಳಿಸಿ, ಫೋಲ್ಡರ್ ಹಾಗೇ ಇರಲಿ. ಫೈಲ್ ಬಳಕೆಯಲ್ಲಿದೆ ಅಂದರೆ ಸರ್ವಿಸ್ ಮತ್ತೆ ಎದ್ದಿದೆ ಅಂತ ಅರ್ಥ, ಇನ್ನೊಮ್ಮೆ ನಿಲ್ಲಿಸಿ. ನನ್ನ ಅನುಭವದಲ್ಲಿ ಹೆಚ್ಚು ಸಲ ಕೆಲಸ ಕೊಟ್ಟಿರುವುದು ಇದೇ.

ಎರಡನೆಯದು, ವಿಂಡೋಸ್‌ನ ಫೈಲುಗಳ ರಿಪೇರಿ. ಟರ್ಮಿನಲ್ ಅಥವಾ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಡಿ, ಐ, ಎಸ್, ಎಂ ನಾಲ್ಕು ಅಕ್ಷರ ಹೊಡೆದು, ಆಮೇಲೆ ಆನ್‌ಲೈನ್, ಕ್ಲೀನಪ್-ಇಮೇಜ್, ರಿಸ್ಟೋರ್‌ಹೆಲ್ತ್ ಈ ಮೂರು ಪದ ಇಂಗ್ಲಿಷಿನಲ್ಲಿ ಹೊಡೆಯಿರಿ. ಪ್ರತಿ ಪದಕ್ಕೂ ಮೊದಲು ಒಂದು ಸ್ಪೇಸ್ ಮತ್ತು ಮುಂದಕ್ಕೆ ಬಾಗಿದ ಓರೆಗೆರೆ ಇರಬೇಕು. ಕ್ಲೀನಪ್-ಇಮೇಜ್ ನಡುವೆ ಅಡ್ಡಗೆರೆ ಇದೆ, ರಿಸ್ಟೋರ್‌ಹೆಲ್ತ್ ಒಂದೇ ಪದ. ಎಂಟರ್ ಒತ್ತಿ. ಇದು ಒಂದು ಅಂಕಿಯಲ್ಲಿ ನಿಂತಂತೆ ಕಾಣುತ್ತದೆ, 62.3ರಲ್ಲಿ ನಿಂತು ಜನರನ್ನು ಹೆದರಿಸುವುದಕ್ಕೇ ಹೆಸರುವಾಸಿ. ಬಿಟ್ಟುಬಿಡಿ, ಮುಂದೆ ಹೋಗುತ್ತದೆ. ಮುಗಿದ ಮೇಲೆ ಎಸ್, ಎಫ್, ಸಿ, ಸ್ಪೇಸ್, ಓರೆಗೆರೆ, ಸ್ಕ್ಯಾನ್‌ನೌ ಅಂತ ಒಂದೇ ಪದ. ಇದೇ ಕ್ರಮದಲ್ಲಿ ಮಾಡಿ. ಮೊದಲನೆಯದು ಉಗ್ರಾಣ ಸರಿಮಾಡುತ್ತದೆ, ಎರಡನೆಯದು ಆ ಉಗ್ರಾಣದಿಂದ ಒಳ್ಳೆಯ ಫೈಲ್ ತೆಗೆದು ಹಾಳಾದ ಜಾಗಕ್ಕೆ ಇಡುತ್ತದೆ.

ಮೂರನೆಯದು, ಕೈಯಾರೆ ಹಾಕುವುದು. ಅಪ್‌ಡೇಟ್ ಹೆಸರಿನಲ್ಲಿ ಕೆಬಿ ಅಂತ ಶುರುವಾಗುವ ನಂಬರ್ ಇರುತ್ತದೆ. ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಅನ್ನುವ ಅವರದೇ ಸೈಟಿನಲ್ಲಿ ಆ ನಂಬರ್ ಹಾಕಿ ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿ. ನಿಮ್ಮ ಆವೃತ್ತಿ ಯಾವುದು, ಪ್ರೊಸೆಸರ್ ಎಕ್ಸ್64ಆ ಅಥವಾ ಆರ್ಮ್64ಆ ಅಂತ ನೋಡಿ ಆರಿಸಿ. ಬೇರೆ ಯಾವ ಸೈಟಿನಿಂದಲೂ ಇಳಿಸಬೇಡಿ.

ನಾಲ್ಕನೆಯದು ದೊಡ್ಡ ಮದ್ದು, ಆದರೆ ಫಾರ್ಮ್ಯಾಟ್ ಅಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್ ಅಂತ ಇದೆ. ರೀಇನ್‌ಸ್ಟಾಲ್ ನೌ ಒತ್ತಿದರೆ ವಿಂಡೋಸ್ ತನ್ನನ್ನೇ ತಾನು ಇದ್ದದ್ದರ ಮೇಲೆಯೇ ಮತ್ತೆ ಹಾಕಿಕೊಳ್ಳುತ್ತದೆ. ನಿಮ್ಮ ಫೈಲು, ಪ್ರೋಗ್ರಾಂ, ಸೆಟ್ಟಿಂಗ್ ಎಲ್ಲ ಉಳಿಯುತ್ತವೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಅಂದಾಗ ಇದನ್ನು ಮಾಡಿ ನೋಡಿದ್ದೀರಾ ಅಂತ ಒಮ್ಮೆ ಕೇಳಿ.

80070643 ಬಂದು ಏನು ಮಾಡಿದರೂ ಹೋಗುತ್ತಿಲ್ಲ.

ಈ ನಂಬರ್ ಬೇರೆ ಬೇರೆ ಕಾರಣಕ್ಕೆ ಬರುತ್ತದೆ. 2024ರ ಜನವರಿಯಲ್ಲಿ ಮಾತ್ರ ಇದು ಮನೆಮಾತಾಯಿತು. ವಿಂಡೋಸ್ 10ಕ್ಕೆ ಬಂದ ಕೆಬಿ5034441 ಅನ್ನುವ ಅಪ್‌ಡೇಟಿಗೆ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಬೇಕಿತ್ತು. ಅಷ್ಟು ಜಾಗ ಇಲ್ಲದವರಿಗೆಲ್ಲ ಈ ನಂಬರ್. ತಪ್ಪು ಬಳಸುವವರದ್ದಾಗಿರಲಿಲ್ಲ. ಪಾರ್ಟಿಷನ್ ಹಿಗ್ಗಿಸುವ ದಾರಿಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಅಭ್ಯಾಸ ಇಲ್ಲದವರು ಪಾರ್ಟಿಷನ್‌ಗೆ ಕೈ ಹಾಕುವುದು ಬೇಡ ಅಂತಲೇ ನನ್ನ ಸಲಹೆ. ಒಂದು ಅಪ್‌ಡೇಟಿಗಾಗಿ ಮದುವೆ ಫೋಟೋ ಕಳೆದುಕೊಳ್ಳುವುದು ಯಾಕೆ?

ಅಪ್‌ಡೇಟ್ ಸರ್ವಿಸ್ ಆನ್ ಮಾಡಿದರೂ ತಾನೇ ಆಫ್ ಆಗುತ್ತದೆ.

ವಿಂಡೋಸ್ ಹಾಕಿಕೊಟ್ಟವರು ಯಾರು? ಲೈಸೆನ್ಸ್ ಇಲ್ಲದೆ ಕ್ರ್ಯಾಕ್ ಹಾಕಿದ್ದರೆ ಅದರ ಜೊತೆಗೇ ಅಪ್‌ಡೇಟ್ ಕಟ್ಟಿಹಾಕುವ ಪ್ರೋಗ್ರಾಂ ಹಾಕಿರುವ ಸಾಧ್ಯತೆ ಜಾಸ್ತಿ. ಕ್ರ್ಯಾಕ್ ಜೊತೆ ಇನ್ನೇನು ಒಳಗೆ ಬಂದಿದೆಯೋ ಹೇಳಲಾಗದು. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ. ಇದೊಂದು ಕಡೆ ಮಾತ್ರ ಫೈಲು ತೆಗೆದಿಟ್ಟುಕೊಂಡು ಹೊಸದಾಗಿ ಅಸಲಿ ವಿಂಡೋಸ್ ಹಾಕಿ ಅಂತ ನಾನೇ ಹೇಳುತ್ತೇನೆ.

ಅಪ್‌ಡೇಟ್ ಆಯಿತು, ಆದರೆ ಪ್ರಿಂಟರ್ ಹೋಯಿತು. ವಾಪಸ್ ಹೋಗಬಹುದಾ?

ಹೋಗಬಹುದು. ಅಪ್‌ಡೇಟ್ ಹಿಸ್ಟರಿಯ ಕೆಳಗೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಇದೆ. ದೊಡ್ಡ ಆವೃತ್ತಿ ಬದಲಾಗಿದ್ದರೆ ರಿಕವರಿಯಲ್ಲಿ ಗೋ ಬ್ಯಾಕ್, ಅದಕ್ಕೆ ಹತ್ತು ದಿನದ ಗಡುವು. ಅದಕ್ಕೂ ಮೊದಲು ಪ್ರಿಂಟರ್ ಕಂಪನಿಯ ಸೈಟಿನಿಂದ ಹೊಸ ಡ್ರೈವರ್ ಹಾಕಿ ನೋಡಿ.

ರೀಸ್ಟಾರ್ಟ್ ಆಗಿ ನೀಲಿ ಪರದೆಯಲ್ಲಿ ರಿಕವರಿ ಕೀ ಕೇಳುತ್ತಿದೆ.

ಗಾಬರಿ ಬೇಡ, ಇದು ವೈರಸ್ ಅಲ್ಲ. ಬಿಟ್‌ಲಾಕರ್ ನಿಮ್ಮ ಡಿಸ್ಕಿಗೆ ಬೀಗ ಹಾಕಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದು ನಿಮಗೆ ಗೊತ್ತಿಲ್ಲದೆಯೇ ಆನ್ ಇರಬಹುದು. ಕೀ ಅಂದರೆ 48 ಅಂಕಿ. ಮೊಬೈಲಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರ ತಾಳೆ ನೋಡಿ. ಮಗನೋ ಅಳಿಯನೋ ತಮ್ಮ ಖಾತೆ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಅವರ ಖಾತೆಯಲ್ಲಿರುತ್ತದೆ. ಇವತ್ತೇ ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ. ಕೀ ಕಳೆದರೆ ಫೈಲುಗಳನ್ನು ಮೈಕ್ರೋಸಾಫ್ಟ್‌ನವರೂ ತೆಗೆದುಕೊಡಲಾರರು.

ಅಪ್‌ಗ್ರೇಡ್ ಆದಮೇಲೆ ಹಳೆಯ ಕನ್ನಡ ಫೈಲುಗಳು ಬೇರೆ ಥರ ಕಾಣುತ್ತವೆ.

ಯೂನಿಕೋಡಿನಲ್ಲಿ ತುಂಗಾ ಫಾಂಟ್ ಬಳಸಿದ ಫೈಲಾದರೆ ಕಾರಣ ಸರಳ. ವಿಂಡೋಸ್ 10ರಿಂದ ತುಂಗಾ ಬೇಕಿದ್ದರೆ ಹಾಕಿಕೊಳ್ಳುವ ಫಾಂಟ್ ಆಗಿದೆ. ಅದಿಲ್ಲದಾಗ ನಿರ್ಮಲಾ ಅನ್ನುವ ಫಾಂಟ್ ಬಂದು ಕೂರುತ್ತದೆ, ಸಾಲು ಪುಟ ಎಲ್ಲ ಅಲುಗುತ್ತವೆ. ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಇಂಗ್ಲಿಷ್ ಅಕ್ಷರಗಳ ಗೊಜ್ಜಿನಂತೆ ಕಂಡರೆ ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ. ಮತ್ತೆ ಹಾಕಿದರೆ ಸಾಕು.

ನನ್ನದು ವಿಂಡೋಸ್ 10. ಅಪ್‌ಡೇಟೇ ಬರುತ್ತಿಲ್ಲ.

ಅದು ಫೇಲ್ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ಇಎಸ್‌ಯು ಅನ್ನುವ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ ಅಂತ ಪ್ರಕಟಿಸಿದ್ದರು. ಅದಕ್ಕೆ 22ಎಚ್2 ಆವೃತ್ತಿ ಮತ್ತು ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡಿಲ್ಲದೆಯೂ ಸೇರಬಹುದು. 11ಕ್ಕೆ ಹೋಗಲು ಟಿಪಿಎಂ 2.0 (ಒಂದು ಭದ್ರತಾ ಚಿಪ್), 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಜನರೇಶನ್ನಿನಿಂದ ಮೇಲೆ. ಟಿಪಿಎಂ ಇಲ್ಲ ಅಂತ ಬಂದರೆ ಕೂಡಲೇ ಹೊಸ ಕಂಪ್ಯೂಟರ್ ಕೊಳ್ಳಬೇಡಿ, ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುತ್ತಲೇ ವಿಂಡೋಸ್‌ಗೂ ಮೊದಲು ಓಡುವ ಸೆಟಪ್) ಆಫ್ ಆಗಿರಬಹುದು.

ಈ ರಗಳೆಯೇ ಬೇಡ ಅಂತ ಅಪ್‌ಡೇಟ್ ನಿಲ್ಲಿಸಿಬಿಟ್ಟರೆ?

ಆಸೆ ಅರ್ಥವಾಗುತ್ತದೆ. 2018ರ ಅಕ್ಟೋಬರಿನಲ್ಲಿ ಬಂದ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೈಲುಗಳನ್ನೇ ಅಳಿಸಿತ್ತು, ಮೈಕ್ರೋಸಾಫ್ಟ್ ಅದನ್ನು ತಡೆಹಿಡಿಯಬೇಕಾಯಿತು. ಆದರೆ ಇನ್ನೊಂದು ಮಗ್ಗುಲೂ ಇದೆ. 2017ರ ಮೇನಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಹಾವಳಿ ಎಬ್ಬಿಸಿತಲ್ಲ, ಅದು ನುಗ್ಗಿದ ಕಿಂಡಿಗೆ ಮಾರ್ಚ್‌ನಲ್ಲೇ ಅಪ್‌ಡೇಟ್ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. 2024ರ ಜುಲೈ 19ರಂದು ವಿಮಾನ ನಿಲ್ದಾಣಗಳಲ್ಲೆಲ್ಲ ನೀಲಿ ಪರದೆ ಬಂದದ್ದನ್ನು ನೆನಪಿಸುವವರೂ ಇದ್ದಾರೆ. ಅದು ವಿಂಡೋಸ್ ಅಪ್‌ಡೇಟ್ ಆಗಿರಲಿಲ್ಲ, ಕಂಪನಿಗಳು ಬಳಸುವ ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್‌ನದು.

ಹಾಗಾಗಿ ನನ್ನ ಪದ್ಧತಿ ನಡುದಾರಿಯದು. ತಿಂಗಳ ಎರಡನೇ ಮಂಗಳವಾರ ಅಮೆರಿಕದ ಬೆಳಗ್ಗೆ ಅಪ್‌ಡೇಟ್ ಬಿಡುತ್ತಾರೆ. ನಮಗೆ ಆಗ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಅಪ್‌ಡೇಟ್ ಪುಟದಲ್ಲಿ ಪಾಜ್ (ತಾತ್ಕಾಲಿಕವಾಗಿ ನಿಲ್ಲಿಸು) ಒತ್ತಿ ಒಂದು ವಾರ ತಡೆದು, ಯಾರಾದರೂ ಗೋಳಾಡುತ್ತಿದ್ದಾರಾ ನೋಡಿ, ಭಾನುವಾರ ಹಾಕುತ್ತೇನೆ. ಆ ಬೆಳಗ್ಗೆ ಹೊರಗಿನ ಹಾರ್ಡ್‌ಡಿಸ್ಕಿಗೆ ಫೋಟೋ, ಲೆಕ್ಕದ ಫೈಲು ಕಾಪಿ ಮಾಡಿ, ಡಿಸ್ಕ್ ಬಿಚ್ಚಿಡುತ್ತೇನೆ.

ಮೈಕ್ರೋಸಾಫ್ಟ್‌ನಿಂದ ಅಂತ ಫೋನ್ ಬಂತು, ಅಪ್‌ಡೇಟ್ ಸರಿ ಮಾಡಿಕೊಡುತ್ತಾರಂತೆ.

ಇಡಿ ಫೋನು. ಅವರಾಗಿ ಯಾರೂ ಫೋನ್ ಮಾಡುವುದಿಲ್ಲ. ಬ್ರೌಸರಿನಲ್ಲಿ ಇದ್ದಕ್ಕಿದ್ದಂತೆ ಅಪ್‌ಡೇಟ್ ಮಾಡಿ ಅಂತ ದೊಡ್ಡ ಬಟನ್ ಬಂದರೂ ಒತ್ತಬೇಡಿ. ಈಗಾಗಲೇ ಅವರು ಹೇಳಿದ ಆ್ಯಪ್ ಹಾಕಿಕೊಂಡಿದ್ದರೆ ಮೊದಲು ನೆಟ್ ಕಿತ್ತುಹಾಕಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಹಾಗಾದರೆ ಅಂಗಡಿಗೆ ಹೋಗುವುದು ಯಾವಾಗ?

ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ, ಫೈಲ್ ತೆರೆಯುವಾಗಲೇ ಕಂಪ್ಯೂಟರ್ ಹೆಪ್ಪುಗಟ್ಟಿದಂತೆ ನಿಂತರೆ, ಮೇಲಿನ ನಾಲ್ಕೂ ಹೆಜ್ಜೆ ಫೇಲ್ ಆದರೆ. ಆಗ ತೊಂದರೆ ಡಿಸ್ಕಿನದೇ ಇರಬಹುದು. ಹೋಗುವ ಮೊದಲು ಫೈಲು ಕಾಪಿ ಮಾಡಿಕೊಳ್ಳಿ. ಮೊದಲು ತೆಗೆದ ನಂಬರಿನ ಫೋಟೋ, ಬಿಟ್‌ಲಾಕರ್ ಕೀ ಬರೆದ ಹಾಳೆ, ಎರಡೂ ಜೊತೆಗಿರಲಿ. ಹಳೆಯ ಡಿಸ್ಕನ್ನು ಬದಲಿಸಿದರೆ ಅದನ್ನು ಅಲ್ಲೇ ಬಿಟ್ಟು ಬರಬೇಡಿ, ಕೇಳಿ ಮನೆಗೆ ತನ್ನಿ.